ಗೆದ್ದು ಸೋತ ಮೊಕ್ತೇಸರರು: ತೀರ್ಪಿನ ಬಗ್ಗೆ ಪ್ರಬಂಧ ಬರೆಯುವವರಿಗೆ

ಉಡುಪಿಯಲ್ಲಿ ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.

ನಿಮ್ಮ ಸರ್ ಕಳೆದ ವಾರ 31 ಪ್ರಬಂಧಗಳ ಒಂದು ಕಟ್ಟು ಕಳಿಸಿದ್ದರು. ಇಷ್ಟವಾದ ಒಂದು ತೀರ್ಪನ್ನು ಆರಿಸಿ ವಿಶ್ಲೇಷಣೆ ಮಾಡಿ ಎಂದು ನಿಮಗೆ ಹೇಳಿದ್ದರಂತೆ. ಎಲ್ಲವನ್ನೂ ಓದಿದೆ. ರಾತ್ರಿ ಊಟ ಆದ ಮೇಲೆ ಕೂತು, ಪೆನ್ಸಿಲ್ ಹಿಡಿದು ಓದಿದೆ. 31ರಲ್ಲಿ 19 ಶುರುವಾಗುವುದು ಒಂದೇ ವಾಕ್ಯದಿಂದ: ಭಾರತದ ಸಂವಿಧಾನ ಜಗತ್ತಿನಲ್ಲೇ ಅತಿ ದೊಡ್ಡ ಲಿಖಿತ ಸಂವಿಧಾನ. ಸರಿ, ಒಪ್ಪಿದೆ. ಆದರೆ ಅದಕ್ಕೂ ನಿಮ್ಮ ಕೇಸಿಗೂ ಎಂತ ಸಂಬಂಧ ಮಾರಾಯ್ರೆ?

ನಗಬೇಡಿ. ನಾನೂ ಹಾಗೇ ಬರೆದವನು. ಆ ಕಥೆ ಆಮೇಲೆ ಹೇಳುತ್ತೇನೆ.

ಇವತ್ತು ನಾನು ಹೇಳಬೇಕೆಂದು ಬಂದದ್ದು ಒಂದೇ ವಿಷಯ. ಪ್ರತಿ ತೀರ್ಪಿನಲ್ಲೂ ದಾರಿ ಕವಲೊಡೆಯುವ ಒಂದು ಜಾಗ ಇರುತ್ತದೆ. ನ್ಯಾಯಮೂರ್ತಿ ಅಲ್ಲಿ ನಿಂತು ಈ ಕಡೆಗೂ ಹೋಗಬಹುದಿತ್ತು, ಆ ಕಡೆಗೂ ಹೋಗಬಹುದಿತ್ತು. ಎರಡಕ್ಕೂ ಕಾರಣ ಇತ್ತು. ಆ ಜಾಗ ಸಿಕ್ಕಿದರೆ ಪ್ರಬಂಧ ಸಿಕ್ಕಿತು. ಅದು ಸಿಗದೆ ನೀವು ಬರೆಯುವುದೆಲ್ಲ ಪೇಪರಿನ ವರದಿ.

ಇದನ್ನು ಸುಮ್ನೆ ಹೇಳಿದರೆ ತಲೆಗೆ ಹೋಗುವುದಿಲ್ಲ. ನಮ್ಮ ಊರಿನ ಕೇಸೇ ತೆಗೆದುಕೊಳ್ಳೋಣ. ನಮ್ಮಲ್ಲಿ ಅದಕ್ಕೇನೂ ಬರ ಇಲ್ಲ.

ರಥಬೀದಿಗೆ ಹೋದರೆ ಶೀರೂರು ಮಠ ಇದೆ. ಸಂವಿಧಾನದ ಪುಸ್ತಕ ತೆರೆದರೆ 1954ರ ಶೀರೂರು ಮಠದ ತೀರ್ಪು ಇದೆ. ಮಂಗಳೂರಿನ ಬಸ್ಸು ಹತ್ತಿದರೆ ದಾರಿಯಲ್ಲಿ ಮೂಲ್ಕಿ. ಅಲ್ಲಿನ ಶ್ರೀ ವೆಂಕಟರಮಣ ದೇವಸ್ಥಾನದ ಹೆಸರಿನಲ್ಲಿ ಇನ್ನೊಂದು ತೀರ್ಪು. ಮಂಗಳೂರು ದಾಟಿ ಕಾಸರಗೋಡಿನ ಕಡೆಗೆ ಹೋದರೆ ಎಡನೀರು. ಆ ಮಠದ ಸ್ವಾಮಿಗಳಾಗಿದ್ದ ಕೇಶವಾನಂದ ಭಾರತಿಯವರ ಹೆಸರನ್ನು ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳೂ ಬಾಯಿಪಾಠ ಮಾಡುತ್ತಾರೆ. ಒಂದು ಕರಾವಳಿ, ಮೂರು ದೊಡ್ಡ ಕೇಸು.

ಈಗ ಮೂರರ ಹೆಸರನ್ನೂ ಪೂರ್ತಿ ಓದಿ. ಎದುರು ಕಡೆಯಲ್ಲಿ ಯಾರಿದ್ದಾರೆ? ಶೀರೂರು ಮಠದ ಕೇಸಿನಲ್ಲಿ ಮದ್ರಾಸಿನ ಹಿಂದೂ ಧಾರ್ಮಿಕ ದತ್ತಿ ಕಮಿಷನರ್. ಮೂಲ್ಕಿಯ ಕೇಸಿನಲ್ಲಿ ಮೈಸೂರು ರಾಜ್ಯ. ಎಡನೀರಿನ ಕೇಸಿನಲ್ಲಿ ಕೇರಳ ರಾಜ್ಯ. ಮೂರು ಕೇಸಿಗೆ ಮೂರು ಸರ್ಕಾರ! ಆದರೆ ಮೂರು ಊರೂ ಹಳೆಯ ಸೌತ್ ಕೆನರಾ ಜಿಲ್ಲೆಯವೇ. ಆ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1956ರ ನವೆಂಬರ್ 1ರಂದು ಮೂಲ್ಕಿ, ಉಡುಪಿ, ಮಂಗಳೂರು ಮೈಸೂರಿಗೆ ಬಂದವು, ಕಾಸರಗೋಡು ಕೇರಳಕ್ಕೆ ಹೋಯಿತು. ಕೇಸಿನ ಹೆಸರಿನೊಳಗೆ ಇಷ್ಟೆಲ್ಲ ಚರಿತ್ರೆ ಕೂತಿದೆ.

ಇದು ಬರೀ ಸ್ವಾರಸ್ಯಕ್ಕೆ ಹೇಳಿದ್ದಲ್ಲ. ನಿಮ್ಮಲ್ಲೊಬ್ಬರು ಬರೆದಿದ್ದೀರಿ: ಮೈಸೂರು ಸರ್ಕಾರ ದೇವಸ್ಥಾನ ಪ್ರವೇಶದ ಕಾನೂನು ತಂದಿತು, ಅದರ ವಿರುದ್ಧ ಮೂಲ್ಕಿಯವರು ಕೋರ್ಟಿಗೆ ಹೋದರು. ಇಲ್ಲ. ಹೊರಗೆ ನಿಂತಿದ್ದ ಹಿಂದೂಗಳಿಗೂ ದೇವಸ್ಥಾನದ ಬಾಗಿಲು ತೆರೆಯುವ ಆ ಕಾನೂನು ಮದ್ರಾಸಿನದು, 1947ರದ್ದು. ದೆಹಲಿಯಲ್ಲಿ ತೀರ್ಪು ಬರುವಷ್ಟರಲ್ಲಿ ಊರಿನ ರಾಜ್ಯವೇ ಬದಲಾಗಿತ್ತು. ಹೆಸರು ನೋಡಿ ಊಹೆ ಮಾಡಿದರೆ ಹೀಗಾಗುತ್ತದೆ.

ಇನ್ನೊಬ್ಬರು ಬರೆದಿದ್ದೀರಿ: ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ಸಂವಿಧಾನದ 26ನೇ ವಿಧಿಯ ಅಡಿಯಲ್ಲಿ 1949ರಲ್ಲಿ ದಾವೆ ಹೂಡಿದರು. 1949ರಲ್ಲಿ ಸಂವಿಧಾನ ಜಾರಿಗೇ ಬಂದಿರಲಿಲ್ಲ, ಅಲ್ವಾ? ದಾವೆ ಹಾಕುವಾಗ ಅವರ ವಾದ ಬೇರೆ ಇತ್ತು. ಈ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣ ಸಮುದಾಯದ್ದು, ಊರಿಗೆಲ್ಲ ಸೇರಿದ್ದಲ್ಲ, ಆದ್ದರಿಂದ ಈ ಕಾನೂನು ನಮಗೆ ತಾಗುವುದಿಲ್ಲ ಎಂದು. ಕೇಸು ನಡೆಯುತ್ತಿರುವಾಗ 1950ರಲ್ಲಿ ಸಂವಿಧಾನ ಬಂತು. ಆಮೇಲೆ ದಾವೆಗೆ ತಿದ್ದುಪಡಿ ಮಾಡಿ, ಧಾರ್ಮಿಕ ಪಂಗಡಗಳಿಗೆ ಹಕ್ಕು ಕೊಡುವ 26ನೇ ವಿಧಿಯ ವಾದವನ್ನು ಸೇರಿಸಿದರು. ಕೊನೆಗೆ ಇಡೀ ಕೇಸು ನಿಂತದ್ದು ಆ ನಡುವೆ ಬಂದು ಸೇರಿದ ವಾದದ ಮೇಲೆ. ನನಗಂತೂ ಇದು ಭಾರೀ ಕುತೂಹಲದ ಸಂಗತಿ. ಆಟ ಅರ್ಧ ಆದ ಮೇಲೆ ಹೊಸ ನಿಯಮದ ಪುಸ್ತಕ ಬಂದ ಹಾಗೆ.

ಆದ್ದರಿಂದ ಪೆನ್ನು ಹಿಡಿಯುವ ಮೊದಲು ಒಂದು ಹಾಳೆಯಲ್ಲಿ ತಾರೀಕಿನ ಪಟ್ಟಿ ಮಾಡಿ. ಕಾನೂನು ಯಾವಾಗ, ದಾವೆ ಯಾವಾಗ, ಕೆಳಗಿನ ಕೋರ್ಟು ಏನು ಹೇಳಿತು, ಹೈಕೋರ್ಟು ಏನು ಹೇಳಿತು. ತೀರ್ಪಿನ ತಾರೀಕನ್ನೂ ಸರಿಯಾಗಿ ನೋಡಿ. ಮೂಲ್ಕಿಯ ತೀರ್ಪು ಬಂದದ್ದು 1957ರ ನವೆಂಬರ್‌ನಲ್ಲಿ. ತೀರ್ಪುಗಳನ್ನು ಸಂಕಲಿಸುವ ರಿಪೋರ್ಟು ಪುಸ್ತಕಗಳಲ್ಲಿ ಅಚ್ಚಾದದ್ದು 1958ರಲ್ಲಿ. ಅದಕ್ಕೇ ಎಲ್ಲರೂ 1958ರ ಕೇಸು ಎನ್ನುವುದು. ಈ ಹಾಳೆ ನಿಮಗಾಗಿ. ಪ್ರಬಂಧದಲ್ಲಿ ಕೇಸಿನ ಸಂಗತಿಗಳಿಗೆ ಒಂದು ಪುಟ ಕೊಟ್ಟರೆ ಅದೇ ಜಾಸ್ತಿ. ನಿಮ್ಮ 31ರಲ್ಲಿ ಕೆಲವು ಹತ್ತು ಪುಟದಲ್ಲಿ ಏಳು ಪುಟ ಬರೀ ಕಥೆ ಹೇಳುತ್ತವೆ.

ಈಗ ಕವಲಿಗೆ ಬರೋಣ.

ಹೆಚ್ಚಿನವರು ಬರೆದದ್ದು ಹೀಗೆ: ಮೊಕ್ತೇಸರರು ಸೋತರು, ಎಲ್ಲ ಹಿಂದೂಗಳಿಗೂ ಪ್ರವೇಶ ಸಿಕ್ಕಿತು. ತಪ್ಪಲ್ಲ. ಆದರೆ ತೀರ್ಪನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೋಡಿ. ಐದು ನ್ಯಾಯಮೂರ್ತಿಗಳ ಪೀಠ, ತೀರ್ಪು ಬರೆದವರು ವೆಂಕಟರಾಮ ಅಯ್ಯರ್. ಮೊದಲನೇ ಪ್ರಶ್ನೆ: ಈ ದೇವಸ್ಥಾನ ಕಾನೂನಿನ ವ್ಯಾಪ್ತಿಗೆ ಬರುತ್ತದೆಯೇ? ಬರುತ್ತದೆ. ಅಲ್ಲಿ ಮೊಕ್ತೇಸರರು ಸೋತರು. ಎರಡನೇದು: ಇದು ಒಂದು ಪಂಗಡದ ದೇವಸ್ಥಾನವೇ? ಕೆಳಗಿನ ಕೋರ್ಟು ಅಲ್ಲ ಎಂದಿತ್ತು. ಮೊದಲಿಗೆ ಗೌಡ ಸಾರಸ್ವತರಿಗಾಗಿ ಕಟ್ಟಿದ್ದಿರಬಹುದು, ಕಾಲಕ್ರಮದಲ್ಲಿ ಎಲ್ಲರೂ ಬರುವ ಹಾಗಾಯಿತು ಎಂದಿತ್ತು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಇದು ಪಂಗಡದ್ದೇ ಎಂದವು. ಮೊಕ್ತೇಸರರು ಗೆದ್ದರು. ಮೂರನೇದು: ಗುಡಿಯೊಳಗೆ ಯಾರು ಬರಬಹುದು ಎನ್ನುವುದು ಧರ್ಮದ ವಿಷಯವೇ? ದೇವಸ್ಥಾನದ ಪೂಜಾಕ್ರಮ ಹೇಳುವ ಆಗಮಗಳನ್ನು ನೋಡಿ ಕೋರ್ಟು ಹೌದು ಎಂದಿತು. ಮತ್ತೆ ಗೆದ್ದರು. ಧರ್ಮದ ವಿಷಯದಲ್ಲಿ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳುವ ಹಕ್ಕು 26(ಬಿ) ಪ್ರಕಾರ ಪಂಗಡಕ್ಕಿದೆ. ಇಲ್ಲಿಗೆ ಪುಸ್ತಕ ಮುಚ್ಚಿದರೆ ಕೇಸು ಅವರದೇ.

ಆದರೆ ಮುಚ್ಚಲಿಲ್ಲ. ಎದುರಿಗೆ 25(2)(ಬಿ) ಇದೆ. ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಕ್ಕೂ ತೆರೆಯುವ ಕಾನೂನನ್ನು ಸರ್ಕಾರ ಮಾಡಬಹುದು ಎನ್ನುತ್ತದೆ ಅದು. ಎರಡೂ ಸಂವಿಧಾನದ ಮಾತು. ಎರಡೂ ಮೂಲಭೂತ ಹಕ್ಕಿನ ಅಧ್ಯಾಯದ್ದೇ. ಒಂದು ಬಾಗಿಲು ಹಾಕಬಹುದು ಎನ್ನುತ್ತದೆ, ಇನ್ನೊಂದು ತೆರೆಯಬಹುದು ಎನ್ನುತ್ತದೆ. ಕವಲು ಇದೇ. 31 ಪ್ರಬಂಧದಲ್ಲಿ ಮೂಲ್ಕಿ ಕೇಸು ಆರಿಸಿದವರು ಐದು ಜನ. ಇಲ್ಲಿ ನಿಂತು ಉಸಿರು ತೆಗೆದುಕೊಂಡದ್ದು ಒಬ್ಬಳು ಮಾತ್ರ.

ಇಲ್ಲಿ ನಿಮಗೆ ತಾಳಮದ್ದಳೆ, ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೆನಪಿಗೆ ಬರಬೇಕು. ವಾಲಿವಧೆ ಪ್ರಸಂಗ ಕೇಳಿದ್ದೀರಲ್ಲ? ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವನು, ವಾಲಿ ಆದರೆ ಸಭೆಗೆ ಸಭೆಯೇ ಅವನ ಕಡೆ ವಾಲುತ್ತದೆ. ಆಮೇಲೆ ರಾಮ ಬಾಯಿ ತೆರೆಯುತ್ತಾನೆ. ಹತ್ತು ನಿಮಿಷದಲ್ಲಿ ಸಭೆ ಈ ಕಡೆ. ನಾಡಿದ್ದು ಇನ್ನೊಂದು ಊರಿನಲ್ಲಿ ಅದೇ ಅರ್ಥಧಾರಿಗಳು ಪಾತ್ರ ಅದಲುಬದಲು ಮಾಡಿಕೊಂಡು ಕೂರುತ್ತಾರೆ. ಆಗಲೂ ಅಷ್ಟೇ ಜೋರು. ಪ್ರಬಂಧ ಬರೆಯುವವರಿಗೆ ಬೇಕಾದದ್ದು ಈ ಅಭ್ಯಾಸ. ಸೋತವರ ವಾದವನ್ನು ಅವರ ವಕೀಲರೇ ಶಹಬ್ಬಾಸ್ ಅನ್ನುವ ಹಾಗೆ ಬರೆಯಲಿಕ್ಕೆ ಬರಬೇಕು. ನಿಮ್ಮ ಪ್ರಬಂಧಗಳಲ್ಲಿ ಸೋತವರು ಬರೀ ದಡ್ಡರ ಹಾಗೆ ಕಾಣುತ್ತಾರೆ. ಅಷ್ಟು ದಡ್ಡ ವಾದವಾಗಿದ್ದರೆ ಐದು ನ್ಯಾಯಮೂರ್ತಿಗಳು ಯಾಕೆ ಕೂರಬೇಕಿತ್ತು?

ಮೊಕ್ತೇಸರರ ವಾದದ ಬಲ ನೋಡಿ. 25ನೇ ವಿಧಿಯ ಎರಡನೇ ಭಾಗ ಶುರುವಾಗುವುದೇ ‘ಈ ವಿಧಿಯಲ್ಲಿರುವ ಯಾವುದೂ’ ಎನ್ನುವ ಅರ್ಥದ ಮಾತಿನಿಂದ. ಈ ವಿಧಿ ಅಂದರೆ 25. ಅದು 26ನ್ನು ಹೇಗೆ ಕಟ್ಟಿಹಾಕುತ್ತದೆ? 26ನೇ ವಿಧಿಗೆ ತನ್ನದೇ ಮಿತಿಗಳಿವೆ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ. ಅಷ್ಟೇ. 25ಕ್ಕೆ ಒಳಪಟ್ಟು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಅಕ್ಷರ ಹಿಡಿದು ಓದಿದರೆ ಇದು ಗಟ್ಟಿ ವಾದ. ನಾನು ಅವರ ವಕೀಲನಾಗಿದ್ದರೆ ಇದನ್ನೇ ಹಿಡಿದು ಕೂರುತ್ತಿದ್ದೆ.

ಕೋರ್ಟು ಕೊಟ್ಟ ಉತ್ತರ ಏನು? 25(2)(ಬಿ)ಯಲ್ಲಿ ಸಾರ್ವಜನಿಕ ಸಂಸ್ಥೆ ಎಂದಿರುವುದು ಪಂಗಡದ ದೇವಸ್ಥಾನಗಳನ್ನೂ ಒಳಗೊಳ್ಳುವಷ್ಟು ವಿಶಾಲ. ಎರಡೂ ವಿಧಿಗೆ ಒಂದೇ ತೂಕ. ಹಾಗಿರುವಾಗ ಎರಡೂ ಬದುಕುವ ಹಾಗೆ ಓದಬೇಕು. 26(ಬಿ)ಯನ್ನು ಪೂರ್ತಿ ಒಪ್ಪಿದರೆ, ಪಂಗಡದ ದೇವಸ್ಥಾನಗಳ ಮಟ್ಟಿಗೆ 25(2)(ಬಿ) ಸತ್ತೇ ಹೋಗುತ್ತದೆ. 25(2)(ಬಿ)ಯನ್ನು ಒಪ್ಪಿದರೆ 26(ಬಿ) ಸಾಯುವುದಿಲ್ಲ, ಪ್ರವೇಶದ ಒಂದು ವಿಷಯ ಬಿಟ್ಟು ಉಳಿದದ್ದಕ್ಕೆಲ್ಲ ಅದು ಜೀವಂತ. ಆದ್ದರಿಂದ ಬಾಗಿಲು ತೆರೆಯಲಿ.

ಇಲ್ಲಿಗೇ ಬಿಟ್ಟರೂ ಒಳ್ಳೆಯ ತೀರ್ಪೇ ಆಗುತ್ತಿತ್ತು. ಕೋರ್ಟು ಇನ್ನೊಂದು ಹೆಜ್ಜೆ ಇಟ್ಟಿತು. ಕೆಲವು ನಿರ್ದಿಷ್ಟ ವಿಧಿಗಳ ಹೊತ್ತಿನಲ್ಲಿ ಗೌಡ ಸಾರಸ್ವತರು ಮಾತ್ರ ಇರಬಹುದು ಎಂದು ಹೈಕೋರ್ಟು ಕೊಟ್ಟಿದ್ದ ಸಣ್ಣ ರಿಯಾಯಿತಿಯನ್ನು ಉಳಿಸಿತು. ಸರ್ಕಾರ ಅದರ ವಿರುದ್ಧ ಮೇಲ್ಮನವಿಗೆ ಅನುಮತಿ ಕೇಳಿತ್ತು, ಅದೂ ವಜಾ. ಕಾರಣ ಇಷ್ಟು: ಪಂಗಡದ ಹಕ್ಕನ್ನು ಕೊಟ್ಟ ಮೇಲೂ ಜನರ ಪೂಜೆಯ ಹಕ್ಕಿನಲ್ಲಿ ಗಟ್ಟಿಯಾದದ್ದು ಉಳಿದಿರಬೇಕು, ಬರೀ ಹೊಟ್ಟು ಉಳಿಯಬಾರದು. ಈ ಹೊಟ್ಟಿನ ಮಾತು ನನ್ನದಲ್ಲ, ತೀರ್ಪಿನಲ್ಲೇ ಇದೆ. ನಮ್ಮ ಗದ್ದೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ನಿಮ್ಮ ಕೆಲಸ ಶುರು. ಹೊಟ್ಟು ಎಲ್ಲಿಂದ ಶುರುವಾಗುತ್ತದೆ? ವರ್ಷಕ್ಕೆ ಹತ್ತು ದಿನ ಬಾಗಿಲು ಹಾಕಿದರೆ ಕಾಳು ಉಳಿಯಿತು. ನೂರು ದಿನ? ಉತ್ಸವದ ಮುಖ್ಯ ದಿನಗಳನ್ನೇ ಆರಿಸಿ ಹಾಕಿದರೆ? ಅಳತೆಗೋಲನ್ನು ತೀರ್ಪು ಕೊಟ್ಟಿಲ್ಲ. ಅದು ತೀರ್ಪಿನ ದೋಷವೋ, ಅಥವಾ ಮುಂದಿನ ಕೋರ್ಟುಗಳಿಗೆ ಬೇಕೆಂದೇ ಬಿಟ್ಟ ಜಾಗವೋ? ನೀವು ಒಂದು ಕಡೆ ನಿಲ್ಲಬೇಕು. ‘ಈ ತೀರ್ಪು ಐತಿಹಾಸಿಕವಾಗಿದೆ’ ಎಂದು ಬರೆದರೆ ನಿಂತ ಹಾಗಲ್ಲ. 31ರಲ್ಲಿ 26 ಪ್ರಬಂಧಗಳು ಐತಿಹಾಸಿಕ ಎನ್ನುವ ಪದದಲ್ಲೇ ಮುಗಿಯುತ್ತವೆ. ಲೆಕ್ಕ ಮಾಡಿದ್ದೇನೆ.

ಈಗ ನನ್ನ ಕಥೆ. ಓದುವ ಕಾಲದಲ್ಲಿ ನಾನು ಆರಿಸಿದ್ದು ಶೀರೂರು ಮಠದ ಕೇಸು. ಮಠ ಗೊತ್ತು, ಪರ್ಯಾಯ ಗೊತ್ತು, ಕೃಷ್ಣನ ಪೂಜೆಗೆ ಎರಡು ವರ್ಷಕ್ಕೊಮ್ಮೆ ಬದಲಾಗುವ ಎಂಟು ಮಠಗಳ ಸರದಿ ಗೊತ್ತು. ಮತ್ತೆಂತ ಬೇಕು ಎನ್ನುವ ಧೈರ್ಯ. ಒಂದು ಗೈಡಿನಲ್ಲಿ ಎರಡು ಪುಟದ ಸಾರಾಂಶ ಇತ್ತು. ಧರ್ಮ ಅಂದರೆ ನಂಬಿಕೆ ಮಾತ್ರವಲ್ಲ ಆಚರಣೆಯೂ ಹೌದು, ಯಾವ ಆಚರಣೆ ಅತ್ಯಗತ್ಯ ಎನ್ನುವುದನ್ನು ಮೊದಲಿಗೆ ಆ ಧರ್ಮದ ಸಿದ್ಧಾಂತ ನೋಡಿಯೇ ತಿಳಿಯಬೇಕು ಎಂದು ಕೋರ್ಟು ಹೇಳಿತು ಅಂತ ಅದರಲ್ಲಿತ್ತು. ಅದನ್ನೇ ಎಂಟು ಪುಟಕ್ಕೆ ಎಳೆದೆ. ನಮ್ಮ ಮೇಡಂ ಪ್ರಬಂಧ ವಾಪಸ್ ಕೊಡುವಾಗ ಒಂದೇ ಪ್ರಶ್ನೆ ಕೇಳಿದರು: ತೆರಿಗೆ ಎಲ್ಲಿ ಹೋಯಿತು? ನನಗೆ ಅರ್ಥವೇ ಆಗಲಿಲ್ಲ. ಯಾವ ತೆರಿಗೆ?

ಅದೇ ತೀರ್ಪಿನಲ್ಲಿ ಅರ್ಧ ಗುದ್ದಾಟ ಹಣದ್ದು. ಮಠ, ದೇವಸ್ಥಾನಗಳು ಸರ್ಕಾರಕ್ಕೆ ಕಟ್ಟಬೇಕಾಗಿದ್ದ ವಂತಿಗೆ ಶುಲ್ಕವೋ ತೆರಿಗೆಯೋ ಎಂಬ ಪ್ರಶ್ನೆ. ಶುಲ್ಕ ಅಂದರೆ ಒಂದು ಸೇವೆಗೆ ಪ್ರತಿಯಾಗಿ ಕೊಡುವುದು. ಇದು ಹಾಗಿಲ್ಲ, ಇದು ತೆರಿಗೆ, ಇಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ಕೋರ್ಟು ಅದನ್ನು ಹೊಡೆದುಹಾಕಿತು. ಶುಲ್ಕ ಮತ್ತು ತೆರಿಗೆಯ ವ್ಯತ್ಯಾಸಕ್ಕೆ ಇವತ್ತಿಗೂ ಈ ಕೇಸನ್ನು ಹೇಳುತ್ತಾರೆ. ಗೈಡಿನವರಿಗೆ ಅದು ಬೇಡವಾಗಿತ್ತು, ಆದ್ದರಿಂದ ನನಗೆ ಅದು ಇರಲೇ ಇಲ್ಲ. ಮಾರ್ಕ್ಸ್ ಹೋದದ್ದಕ್ಕಿಂತ ಮೇಡಂ ಮುಂದೆ ಪೆಚ್ಚಾಗಿ ನಿಂತದ್ದು ಜಾಸ್ತಿ ನೋವು. ಅವತ್ತೇ ಲೈಬ್ರರಿಗೆ ಹೋಗಿ ದಪ್ಪ ರಿಪೋರ್ಟು ಇಳಿಸಿದೆ.

ಹೆಡ್‌ನೋಟಿನದೂ ಇದೇ ಕಥೆ. ತೀರ್ಪಿನ ತಲೆಯ ಮೇಲೆ ಅಚ್ಚಾಗಿರುವ ಆ ಸಾರಾಂಶ ನ್ಯಾಯಮೂರ್ತಿಗಳು ಬರೆದದ್ದಲ್ಲ, ಅದು ರಿಪೋರ್ಟಿನ ಸಂಪಾದಕರದು. ದಾರಿ ಹುಡುಕಲಿಕ್ಕೆ ಒಳ್ಳೆಯದು. ಅದನ್ನೇ ಕೋರ್ಟಿನ ಮಾತು ಎಂದು ಉದ್ಧರಿಸಬೇಡಿ. ನಿಮಗೆ ನಮ್ಮ ಕಾಲದ ಕಷ್ಟವೂ ಇಲ್ಲ. ಇಂಡಿಯನ್ ಕಾನೂನ್ ಎಂಬ ವೆಬ್‌ಸೈಟಿನಲ್ಲಿ ಪೂರ್ತಿ ತೀರ್ಪು ಫ್ರೀ ಸಿಗುತ್ತದೆ. ಸುಪ್ರೀಂ ಕೋರ್ಟಿನದೇ ಆನ್‌ಲೈನ್ ತೀರ್ಪು ಸಂಗ್ರಹ ಇ-ಎಸ್‌ಸಿಆರ್ ಇದೆ. ಮೊಬೈಲಿನಲ್ಲಿ ರೀಲ್ಸ್ ನೋಡುವ ಹೊತ್ತಿನಲ್ಲಿ ಮೂಲ್ಕಿ ತೀರ್ಪು ಒಂದು ಸಲ ಓದಿ ಮುಗಿಯುತ್ತದೆ, ನಿಜವಾಗಿ.

ಇನ್ನು ಚಾಟ್‌ಬಾಟ್. ಬಳಸಬೇಡಿ ಎಂದರೆ ನೀವು ಕೇಳುವುದಿಲ್ಲ, ಗೊತ್ತು. 2023ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ವಕೀಲರು ಚಾಟ್‌ಜಿಪಿಟಿ ಹೇಳಿದ ಕೇಸುಗಳನ್ನು ಹಾಗೇ ಬರೆದುಕೊಟ್ಟರು. ಅಂಥ ಕೇಸುಗಳೇ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು. ನಿಮ್ಮ 31ರಲ್ಲೂ ಒಂದು ಪ್ರಬಂಧದಲ್ಲಿ ಅಂಥದೊಂದು ಕೇಸು ಇದೆ. ಯಾರದ್ದು ಎಂದು ಹೇಳುವುದಿಲ್ಲ. ಅವರು ಈಗ ನೆಲ ನೋಡುತ್ತಿದ್ದಾರೆ.

ಏಳು ಜನ ಹಿಜಾಬ್ ಪ್ರಕರಣ ಆರಿಸಿದ್ದೀರಿ. ಉಡುಪಿಯಲ್ಲೇ ಶುರುವಾದ ವಿಷಯ, ಸಹಜ. ಪರವಾಗಿ ಬರೆದವರೂ ವಿರುದ್ಧ ಬರೆದವರೂ ಒಂದೇ ತಪ್ಪು ಮಾಡಿದ್ದೀರಿ. ಅಭಿಪ್ರಾಯ ಮೊದಲೇ ಇತ್ತು, ತೀರ್ಪನ್ನು ಆಮೇಲೆ ಅಂಟಿಸಿದ್ದೀರಿ. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಮೂವರ ಪೀಠ ಹಿಜಾಬ್ ಧರಿಸುವುದು ಅತ್ಯಗತ್ಯ ಧಾರ್ಮಿಕ ಆಚರಣೆ ಅಲ್ಲ ಎಂದಿತು. ಆ ಪರೀಕ್ಷೆಯ ಬೇರು ಎಲ್ಲಿದೆ? ಶೀರೂರು ಮಠದ ಕೇಸಿನಲ್ಲಿ. ರಥಬೀದಿಯಿಂದ ಹೊರಟ ಪ್ರಶ್ನೆ 68 ವರ್ಷದ ಮೇಲೆ ಇದೇ ಊರಿನ ಕಾಲೇಜಿನ ಗೇಟಿಗೆ ವಾಪಸ್ ಬಂತು. ಏಳರಲ್ಲಿ ಒಂದು ಪ್ರಬಂಧವೂ ಇದನ್ನು ಗಮನಿಸಿಲ್ಲ. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು, ಈ ಕೇಸನ್ನು ತೀರ್ಮಾನಿಸಲು ಅತ್ಯಗತ್ಯ ಆಚರಣೆಯ ಪ್ರಶ್ನೆಯೇ ಬೇಕಿರಲಿಲ್ಲ ಎಂದರು. ನೋಡಿ, ಕವಲು ಅಲ್ಲಿದೆ. ಉತ್ತರದಲ್ಲಲ್ಲ, ಯಾವ ಪ್ರಶ್ನೆ ಕೇಳಬೇಕು ಎನ್ನುವುದರಲ್ಲಿ.

ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವ ಹಾಗಿಲ್ಲ ಎಂದ ಎಡನೀರಿನ ಕೇಸಿನ ಬಗ್ಗೆ ಒಂದೇ ಸಲಹೆ: ಹತ್ತು ಪುಟಕ್ಕೆ ಅದನ್ನು ಇಡಿಯಾಗಿ ಎತ್ತಿಕೊಳ್ಳಬೇಡಿ. 13 ನ್ಯಾಯಮೂರ್ತಿಗಳು, 68 ದಿನದ ವಿಚಾರಣೆ, 11 ಬೇರೆ ಬೇರೆ ತೀರ್ಪು, ಕೊನೆಗೆ 7–6. ಸೊಂಟ ಉಳುಕುತ್ತದೆ. ಒಬ್ಬರನ್ನು ಹಿಡಿಯಿರಿ. ನಮ್ಮ ಕಾರ್ಕಳದ ಕಡೆಯವರೇ ಆದ ಕೆ.ಎಸ್. ಹೆಗ್ಡೆಯವರು ಆ ಪೀಠದಲ್ಲಿದ್ದರು, ಎ.ಕೆ. ಮುಖರ್ಜಿಯಾ ಅವರ ಜೊತೆ ಸೇರಿ ಒಂದು ತೀರ್ಪು ಬರೆದಿದ್ದಾರೆ. ಅದಷ್ಟನ್ನೇ ಓದಿ. 1973ರ ಏಪ್ರಿಲ್ 24ರ ತೀರ್ಪಿನ ಬೆನ್ನಿಗೇ ಹೆಗ್ಡೆಯವರನ್ನೂ ಸೇರಿಸಿ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದು, ಮೂವರೂ ರಾಜೀನಾಮೆ ಕೊಟ್ಟದ್ದು, ಎಲ್ಲ ರೋಚಕ ಕಥೆ. ಚಹಾ ಕುಡಿಯುವಾಗ ಮಾತಾಡಿ. ಪ್ರಬಂಧದಲ್ಲಿ ಅದಕ್ಕೆ ಒಂದು ಸಾಲಿಗಿಂತ ಜಾಸ್ತಿ ಜಾಗ ಇಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: ‘ಸರ್, ಸುಪ್ರೀಂ ಕೋರ್ಟು ಮಾಡಿದ್ದು ತಪ್ಪು ಅಂತ ಬರೆದರೆ ಮಾರ್ಕ್ಸ್ ಹೋಗುತ್ತದಾ?’

ಹೋಗುವುದಿಲ್ಲ, ಕಾರಣ ಕೊಟ್ಟರೆ. 1976ರಲ್ಲಿ ತುರ್ತು ಪರಿಸ್ಥಿತಿಯ ಕಾಲದ ಎಡಿಎಂ ಜಬಲ್ಪುರ ಕೇಸಿನಲ್ಲಿ, ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿಲ್ಲ ಎಂದ ನಾಲ್ವರು ಒಂದು ಕಡೆ, ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ಖಾಸಗಿತನದ ಹಕ್ಕಿನ ಬಗೆಗಿನ 2017ರ ಪುಟ್ಟಸ್ವಾಮಿ ಕೇಸಿನಲ್ಲಿ ಕೋರ್ಟು ತಾನೇ ಆ ಬಹುಮತದ ತೀರ್ಪನ್ನು ತೆಗೆದುಹಾಕಿತು. ತಪ್ಪು ಎಂದು ಹೇಳುವುದು ಕೋರ್ಟಿನೊಳಗೇ ನಡೆಯುವ ಕೆಲಸ. ಯಾವ ಪ್ಯಾರಾದಲ್ಲಿ, ಯಾವ ಹೆಜ್ಜೆಯಲ್ಲಿ ತಪ್ಪು ಎಂದು ನೀನು ತೋರಿಸಬೇಕು ಅಷ್ಟೇ, ಎಂದೆ.

ಕೊನೆಗೆ ಕೈ ಎತ್ತಿದ್ದು, ಕವಲಿನ ಹತ್ತಿರ ನಿಂತಿದ್ದಳು ಎಂದೆನಲ್ಲ, ಆ ಹುಡುಗಿ. ‘ಸರ್, ಮೂಲ್ಕಿ ಕೇಸಿನಲ್ಲಿ ಒಂದು ಕಡೆ ಮೊಕ್ತೇಸರರು, ಇನ್ನೊಂದು ಕಡೆ ಸರ್ಕಾರ. ಒಳಗೆ ಹೋಗಬೇಕಿದ್ದವರು ಯಾರು? ಅವರು ಕೇಸಿನ ಹೆಸರಿನಲ್ಲೇ ಇಲ್ಲವಲ್ಲ.’

ನಾನು ಆ ತೀರ್ಪನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಕೇಸಿನ ಹೆಸರನ್ನು ಮೊದಲು ಓದಿ ಎಂದು ಅರ್ಧ ಗಂಟೆ ಮೊದಲು ಉಪದೇಶ ಮಾಡಿದವನೂ ನಾನೇ. ಆ ಹೆಸರಿನಲ್ಲಿ ಯಾರಿಲ್ಲ ಎಂದು ಒಂದು ಸಲವೂ ನೋಡಿರಲಿಲ್ಲ. ಪ್ರಬಂಧ ಬದಲಾಯಿಸಿ ಬರೆಯಲಿಕ್ಕೆ ಇನ್ನೂ ಎಷ್ಟು ದಿನ ಇದೆ ಎಂದು ಅವಳ ಸರ್ ಹತ್ತಿರ ಕೇಳಿದೆ. ಒಂಬತ್ತು ದಿನ ಎಂದರು.